ಮೊಣಕಾಲಿನೊಳಗಿನ ಎಣ್ಣೆ

ಅವಳು ಬಿದ್ದದ್ದು ಸರಿಯಾಗಿ ಅವನ ಕಾಲ ಬುಡದಲ್ಲೇ!

ಆಸ್ಪತ್ರೆಯಲ್ಲಿ ನಡಿಗೆ ಕಲಿಸುವ ಕೋಣೆ ಅದು. ಎರಡು ಕಂಬಿಗಳ ನಡುವೆ ನಡೆಯುತ್ತಿದ್ದವಳ ಹೊಸ ಕೃತಕ ಮೊಣಕಾಲು ಇದ್ದಕ್ಕಿದ್ದಂತೆ ಸಡಿಲವಾಗಿ, ಧೊಪ್ಪನೆ ಕುಸಿದಿದ್ದಳು. ನರ್ಸ್ ಓಡಿ ಬಂದರು. ಜೊತೆಗೆ ಬಂದಿದ್ದ ಅಕ್ಕ "ಅಯ್ಯೋ" ಎಂದು ಕಿರುಚಿದಳು. ಮೊಣಕಾಲು ಜೋಡಿಸಿದ ತಂತ್ರಜ್ಞ ಮಾತ್ರ ಎತ್ತಲು ಬರಲಿಲ್ಲ. ಕೈಲಿದ್ದ ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು, ಅವಳೆದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

"ಎತ್ತಲ್ವಾ?" ಎಂದಳು.

"ನೀವು ಕೇಳ್ಲಿಲ್ಲ."

"ನೋವಾಯ್ತಾ ಅಂತಾದ್ರೂ ಕೇಳ್ಬಹುದಿತ್ತು."

"ನೋವಾಯ್ತಾ?"

ಅವಳು ಯೋಚಿಸಿದಳು. ನಿಜವಾಗಿಯೂ ಯೋಚಿಸಬೇಕಾಯಿತು.

"ಗೊತ್ತಿಲ್ಲ..."

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಪುಟ್ಟ ಸ್ಕ್ರೂಡ್ರೈವರ್ ತೆಗೆದು, "ತಪ್ಪು ನಂದು. ತೀರಾ ಸಡಿಲ ಇಟ್ಟಿದ್ದೆ," ಎಂದ.

ಅವಳು ಅಂಚೆ ಹಂಚುವವಳು. ಆರು ವರ್ಷ ತಾನಿರುವ ಬಡಾವಣೆಯನ್ನೇ ಸುತ್ತಿದವಳು. ಅಲ್ಲಿನ ನಾಯಿಗಳೂ ಅವಳನ್ನು ನೋಡಿ ಬೊಗಳುವುದು ಬಿಟ್ಟಿದ್ದವು. ಒಂಬತ್ತು ತಿಂಗಳ ಹಿಂದೆ, ಹಿಂದಕ್ಕೆ ಬರುತ್ತಿದ್ದ ಲಾರಿಯೊಂದು ಅವಳ ಎಡಗಾಲಿನ ಮೇಲೆ ಹಾಯ್ದಿತ್ತು. ತೊಡೆಯಿಂದ ಕೆಳಗೆ ಏನನ್ನೂ ಉಳಿಸಲಾಗಲಿಲ್ಲ.

ಆ ದಿನದಿಂದ ಅವಳು ಒಮ್ಮೆಯೂ ಅತ್ತಿಲ್ಲ. ನೋಡಲು ಬಂದವರೆಲ್ಲ "ಏನು ಧೈರ್ಯ ಈ ಹುಡುಗಿಗೆ!" ಎಂದರು. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ! ಒಳಗೆ ಏನೂ ಆಗುತ್ತಿರಲಿಲ್ಲ, ಅಷ್ಟೇ. ಬಡಿಸಿದರೆ ಉಣ್ಣುತ್ತಿದ್ದಳು, ದೀಪ ಆರಿಸಿದರೆ ಮಲಗುತ್ತಿದ್ದಳು.

ಮತ್ತೆ ಚೀಲ ಹೊರಬೇಕಾದರೆ ಪೋಸ್ಟ್ ಮಾಸ್ಟರರ ಪರೀಕ್ಷೆ ಪಾಸಾಗಬೇಕಿತ್ತು. ನಾಲ್ಕು ಮಹಡಿಯ ಕಟ್ಟಡ, ಲಿಫ್ಟ್ ಇಲ್ಲ, ಇಪ್ಪತ್ತನಾಲ್ಕು ಬಾಗಿಲು. ಹಂಚುತ್ತಾ ಹತ್ತಿ, ಇಳಿದು ಬರಲು ಇಪ್ಪತ್ತು ನಿಮಿಷ. ಎರಡೇ ಅವಕಾಶ. ಆಗದಿದ್ದರೆ ಕಚೇರಿಯ ಮೂಲೆಯಲ್ಲಿ ಕೂತು ಕವರುಗಳಿಗೆ ಮೊಹರು ಕುಟ್ಟುವುದು, ನಿವೃತ್ತಿಯಾಗುವವರೆಗೆ! ಆ ಮೂಲೆಯ ಮೇಜು ನೆನಪಾದಾಗ ಮಾತ್ರ ಅವಳ ಉಸಿರು ಒಂದಿಷ್ಟು ಬಿಗಿಯಾಗುತ್ತಿತ್ತು.

ವಾರಕ್ಕೆ ಎರಡು ಸಲ ಬರಬೇಕೆಂದ ಅವನು. ಎಲ್ಲರೂ ಅವನನ್ನು ಸ್ಕ್ರೂ ಸಾರ್ ಎನ್ನುತ್ತಿದ್ದರು. ಒಂದು ದಿನ ಗಾಜಿನ ಲೋಟದಲ್ಲಿ ಕಪ್ಪು ಎಣ್ಣೆ ತಂದು ಅವಳ ಮುಂದಿಟ್ಟ.

"ನಿಮ್ಮ ಮೊಣಕಾಲೊಳಗೆ ಇರೋದು ಇದೇ. ಎಣ್ಣೆಗೆ ಕಬ್ಬಿಣದ ಪುಡಿ ಬೆರೆಸಿದ್ದಾರೆ, ಹಿಟ್ಟಿಗಿಂತ ನುಣ್ಣಗಿರುತ್ತೆ. ಬೆರಳು ಹಾಕಿ."

ಹಾಕಿದಳು. ಎಣ್ಣೆಯ ಹಾಗೆಯೇ ಇತ್ತು. ಅವನು ಲೋಟದ ಕೆಳಗೆ ದೊಡ್ಡ ಅಯಸ್ಕಾಂತ ಹಿಡಿದ. ಕ್ಷಣದಲ್ಲಿ ಎಣ್ಣೆ ಗಟ್ಟಿಯಾಗಿ ಬೆರಳನ್ನು ಹಿಡಿದುಕೊಂಡಿತು!

"ಅಯಸ್ಕಾಂತ ಬಂದ್ರೆ ಪುಡಿಯೆಲ್ಲಾ ಸಾಲಾಗಿ ನಿಂತ್ಕೊಂಡ್‌ಬಿಡುತ್ತೆ, ದೂರ ಹೋದ್ರೆ ಮತ್ತೆ ಹರಿಯುತ್ತೆ. ಮೊಣಕಾಲಲ್ಲಿ ಅಯಸ್ಕಾಂತದ ಕೆಲಸ ಕರೆಂಟ್ ಮಾಡುತ್ತೆ. ಎಷ್ಟು ಗಟ್ಟಿ ಇರ್ಬೇಕು ಅಂತ ನಾನು ಹೇಳಿಕೊಡ್ತೀನಿ. ಹೇಗನ್ನಿಸ್ತು?"

"ಏನೂ ಅನ್ನಿಸ್ಲಿಲ್ಲ."

"ಬೆರಳಿಗಾ?"

"ಎಲ್ಲದಕ್ಕೂ."

ಅವನು ಸಮಾಧಾನ ಹೇಳಲಿಲ್ಲ. ಒಂದು ಬಟ್ಟೆ ತಂದು ಅವಳ ಬೆರಳನ್ನು ನಿಧಾನವಾಗಿ ಒರೆಸಿದ. ಆ ದಿನ ಮನೆಗೆ ಹೋಗುವಾಗ ಬಸ್ಸಿನಲ್ಲಿ ಅವಳು ಆ ಬೆರಳನ್ನೇ ನೋಡುತ್ತ ಕೂತಿದ್ದಳು. ಯಾಕೆಂದು ಅವಳಿಗೂ ತಿಳಿಯಲಿಲ್ಲ.

ಆಮೇಲೆ, ಟಪಾಲು ತುಂಬಿದ ಚೀಲದ ತೂಕ ಬರಲೆಂದು ಅವಳ ಅಂಚೆ ಚೀಲಕ್ಕೆ ಹನ್ನೆರಡು ಕೆಜಿ ಮರಳು ತುಂಬಿ, ಆಸ್ಪತ್ರೆಯ ಮೆಟ್ಟಿಲು ಇಳಿಸಿದ. ಇಳಿಯುವುದೇ ಕಷ್ಟದ ಕೆಲಸ. ಭಾರ ಬಿದ್ದಾಗ ಮೊಣಕಾಲು ಕುಸಿಯದೆ, ಮೆಲ್ಲಗೆ ಮಡಚಿಕೊಳ್ಳಬೇಕು. ಮೂರು ವಾರ ಇಳಿಸಿ, ಅಳೆದು, ಎಣ್ಣೆ ಎಷ್ಟು ಗಟ್ಟಿಯಿರಬೇಕೆಂಬ ಒಂದು ಅಂಕಿಗೆ ಬಂದು ನಿಲ್ಲಿಸಿದ.

"ನಿನ್ನ ಮೊಣಕಾಲು ನೋಡೋಕೆ ಇರೋನು ಬರೀ ಮುಖ ನೋಡ್ತಾನಲ್ಲೇ!" ಎಂದು ಅಕ್ಕ ರೇಗಿಸಿದಳು.

"ಪಾಪ ಅನ್ಸಿರುತ್ತೆ ಕಣೇ."

ಪರೀಕ್ಷೆಯ ದಿನ ಬಂತು. ಹತ್ತುವಾಗ ಅವಳೇ ಬೆರಗಾಗುವಷ್ಟು ಸಲೀಸು. ಹನ್ನೊಂದನೇ ನಿಮಿಷಕ್ಕೆ ಕೊನೆಯ ಬಾಗಿಲಿಗೆ ಕೊನೆಯ ಕವರು ಕೊಟ್ಟಳು. ತಿರುಗಿ, ಮೂರನೇ ಮೆಟ್ಟಿಲಿಗೆ ಕಾಲಿಟ್ಟಳು...

ಮೊಣಕಾಲು ಮಡಚಲಿಲ್ಲ.

ಒನಕೆಯ ಹಾಗೆ ನೆಟ್ಟಗೆ ನಿಂತುಬಿಟ್ಟಿತು! ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಕಾಲೆಳೆದುಕೊಂಡು ಇಳಿಯುವಷ್ಟರಲ್ಲಿ ಇಪ್ಪತ್ತೆಂಟು ನಿಮಿಷ. ಪೋಸ್ಟ್ ಮಾಸ್ಟರ್ ಗಡಿಯಾರವನ್ನು ಜೇಬಿಗೆ ಹಾಕಿಕೊಂಡು, "ಇನ್ನೊಂದು ಸಲ ಇದೆಯಮ್ಮ," ಎಂದರು. ದನಿಯಲ್ಲಿ ಭರವಸೆ ಇರಲಿಲ್ಲ.

ಅಲ್ಲಿಂದ ನೇರವಾಗಿ ಅವನ ಬಳಿಗೆ ಹೋದಳು. ಅವನು ಲ್ಯಾಪ್‌ಟಾಪಿಗೆ ಮೊಣಕಾಲನ್ನು ಜೋಡಿಸಿ, ಹತ್ತು ನಿಮಿಷ ಕಣ್ಣು ಕಿರಿದು ಮಾಡಿ ನೋಡಿದ.

"ಅಂಕಿ ಸರಿಯಾಗೇ ಇದೆ. ತಪ್ಪು ಮೊಣಕಾಲಿಂದಲ್ಲ..."

"ಹಾಗಾದ್ರೆ ನಂದು."

ಅವನು ಪರದೆಯಿಂದ ತಲೆ ಎತ್ತಲಿಲ್ಲ. ಅವನ ತಲೆಯೊಳಗೆ ಲೆಕ್ಕ ಓಡುತ್ತಿತ್ತು. ಅವಳ ಮಾತು ಕಿವಿಗೇ ಬಿದ್ದಿರಲಿಲ್ಲ. ಅದು ಅವಳಿಗೆ ಹೇಗೆ ಗೊತ್ತಾಗಬೇಕು?

'ಸರಿ. ನನ್ನದೇ ತಪ್ಪು,' ಎಂದುಕೊಂಡು ಎದ್ದು ಬಂದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮುಂದಿನ ಭೇಟಿಗೆ ಹೋಗಲಿಲ್ಲ. ಫೋನ್ ಬಡಿದುಕೊಂಡರೆ ಮಗುಚಿ ಇಟ್ಟಳು. ಮೇಜಿನ ಕೆಲಸವೇ ಇರಲಿ ಎಂದು ಅರ್ಜಿಯನ್ನೂ ಬರೆದಳು, ಅಕ್ಷರ ಒಂದೂ ನಡುಗಲಿಲ್ಲ.

ಆರನೇ ದಿನ ಅಕ್ಕ ಆಸ್ಪತ್ರೆಗೆ ಹೋಗಿ ಬಂದಳು. "ಆ ಸ್ಕ್ರೂ ರಜ ಹಾಕಿದಾನಂತೆ! ತಪ್ಪಿಸಿಕೊಂಡ ನೋಡು!"

ಎಂಟನೇ ದಿನ ಬೆಳಗ್ಗೆ ಅಕ್ಕ ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದಳು. "ಯಾರೇ ಇದು ಹೊಸಿಲ ಮೇಲೆ ಮರಳಿನ ಪೊಟ್ಟಣ ಇಟ್ಟೋರು? ಬೀದಿ ಪೂರ್ತಿ ಇಟ್ಟಿದಾರೆ! ಬುದ್ಧಿ ಇದೆಯಾ?"

ಅವಳು ಕಿಟಕಿಗೆ ಬಂದಳು. ಅವಳ ಜಾಗಕ್ಕೆ ಬಂದಿದ್ದ ಬದಲಿ ಅಂಚೆಯವನು ಎದುರುಮನೆಗೆ ಕವರು ಹಾಕುತ್ತಿದ್ದ. ಅವನ ಹಿಂದೆ ಇನ್ನೊಬ್ಬ, ಹೆಗಲಿಗೆ ಚೀಲ, ಎಡ ಮೊಣಕಾಲಿಗೆ ಪಟ್ಟಿ, ಪಟ್ಟಿಯಿಂದ ಇಳಿಬಿದ್ದ ವೈರು. ಅದೇ ಬಾಗಿಲಲ್ಲಿ ಒಂದು ಮರಳಿನ ಪೊಟ್ಟಣ ಇಟ್ಟು, ಚೀಟಿಯಲ್ಲಿ ಏನೋ ಗೀಚಿಕೊಂಡ.

ಸ್ಕ್ರೂ ಸಾರ್!

"ಏನ್ ಮಾಡ್ತಿದೀರ ನೀವು?" ಅವಳಿಗರಿವಿಲ್ಲದೆ ಕೂಗು ಹೊರಬಿತ್ತು.

ಅವನು ಕತ್ತೆತ್ತಿದ. ಬೆವರು ಸುರಿಯುತ್ತಿತ್ತು. ಐದು ದಿನದಿಂದ ಬಡಾವಣೆಯ ಬೇರೆ ಬೀದಿಗಳಲ್ಲಿ ಹೀಗೇ ತಿರುಗಿ ಮುಖ ಕಪ್ಪಿಟ್ಟಿತ್ತು.

"ಖಾಲಿ ಆಗುತ್ತೆ!" ಎಂದು ಬೀದಿಯಿಂದಲೇ ಕಿರುಚಿದ. "ಚೀಲ ಖಾಲಿ ಆಗುತ್ತೆ! ಇವರು ಕವರು ಕೊಟ್ಟಲ್ಲೆಲ್ಲ ನಾನೂ ಒಂದು ಪೊಟ್ಟಣ ಇಳಿಸಿ ನೋಡ್ದೆ. ನಾನು ಹನ್ನೆರಡು ಕೆಜಿಗೆ ಗಟ್ಟಿ ಮಾಡಿಟ್ಟಿದ್ದೆ. ನೀವು ಇಳಿಯೋವಾಗ ಚೀಲದಲ್ಲಿ ಏನೂ ಇರ್ಲಿಲ್ಲ. ಭಾರ ಸಾಲದೆ ಮೊಣಕಾಲು ಮಡಚೇ ಇಲ್ಲ!"

"ಅಂಚೆ ಚೀಲ ಖಾಲಿ ಆಗುತ್ತೆ ಅಂತ ಬೇರೆ ಹೇಳ್ಬೇಕಾ?"

"ಆರು ವರ್ಷ ಹೊತ್ತಿದೀರ, ನೀವೂ ಹೇಳ್ಲಿಲ್ವಲ್ಲ!"

ಹೌದಲ್ಲ... ಅವಳಿಗೂ ಹೊಳೆದಿರಲಿಲ್ಲ! ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಅವಳು ನಗುತ್ತಿದ್ದಳು. ಆ ನಗು ಕೇಳಿ ಅಕ್ಕ ಮರಳಿನ ಪೊಟ್ಟಣ ಕೈಲಿ ಹಿಡಿದುಕೊಂಡೇ ಅತ್ತಳು.

"ತಪ್ಪು ಮೊಣಕಾಲಿಂದಲ್ಲ, ನಂದೇ ಅಂದಿದ್ರಿ ನೀವು," ಎಂದಳು ಅವಳು, ಅವನು ಬಾಗಿಲಿಗೆ ಬಂದಾಗ.

"ನಾನಾ? ಯಾವಾಗ?" ಅವನ ಮುಖ ಸಪ್ಪಗಾಯಿತು. "ಅಯ್ಯೋ... ನನಗೆ ಅರ್ಥ ಆಗ್ತಿಲ್ಲ ಅಂತ ಹೇಳೋಕೆ ಹೊರಟಿದ್ದೆ. ಅಷ್ಟರಲ್ಲಿ ನೀವು ಹೋಗ್ಬಿಟ್ಟಿದ್ರಿ."

ಅವಳು ಒಳಗೆ ಹೋಗಿ ಅರ್ಜಿಯನ್ನು ಹರಿದು ಹಾಕಿದಳು.

ಎರಡನೇ ಪರೀಕ್ಷೆಗೆ ಅವನು ಮೊಣಕಾಲಿಗೆ ಹೊಸ ಪಾಠ ಕಲಿಸಿದ್ದ: ಚೀಲ ಹಗುರಾದಷ್ಟೂ ಎಣ್ಣೆ ಸಡಿಲವಾಗಬೇಕು. ಕೊನೆಯ ಕವರು ಕೊಟ್ಟು ಅವಳು ಮೆಟ್ಟಿಲ ತುದಿಯಲ್ಲಿ ನಿಂತಳು. ಕೆಳಗಿನ ತಿರುವಿನಲ್ಲಿ ಅವನು ನಿಂತಿದ್ದ.

"ಭಯ ಆಗ್ತಿದೆ," ಎಂದಳು.

"ಹಿಡ್ಕೊಳ್ಲಾ?"

"ಬೇಡ. ಎಷ್ಟು ತಿಂಗಳಾಯ್ತು ಭಯ ಆಗಿ... ಇರ್ಲಿ."

ಇಳಿದಳು. ಮೊಣಕಾಲು ಮಡಚಿತು, ಮತ್ತೊಂದು ಮೆಟ್ಟಿಲು, ಮತ್ತೆ ಮಡಚಿತು. ಹತ್ತೊಂಬತ್ತು ನಿಮಿಷ! ಪೋಸ್ಟ್ ಮಾಸ್ಟರ್ ಕೈಕುಲುಕಿ, ಸೋಮವಾರದಿಂದ ಬರಲು ಹೇಳಿ ಹೋದರು. ಇಬ್ಬರೇ ಉಳಿದರು. ಅವಳು ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಅವನು ಕಂಬಿ ಹಿಡಿದು ನಿಂತೇ ಇದ್ದ.

"ಇನ್ನು ನೀವು ಆಸ್ಪತ್ರೆಗೆ ಬರೋ ಅಗತ್ಯ ಇಲ್ಲ," ಎಂದ. "ಇನ್ನೊಂದು ವಿಷಯ. ಹೇಳದೇ ಇದ್ರೆ ನಿದ್ದೆ ಬರಲ್ಲ ನನಗೆ. ವಾರಕ್ಕೆ ಎರಡು ಸಲ ಬರಬೇಕಾಗೇ ಇರ್ಲಿಲ್ಲ. ತಿಂಗಳಿಗೆ ಎರಡು ಸಲ ಸಾಕಿತ್ತು. ನಿಮ್ಮನ್ನ ನೋಡ್ಬೇಕು ಅಂತ ಸುಳ್ಳು ಹೇಳಿದ್ದೆ."

"ಗೊತ್ತಿತ್ತು. ಎರಡನೇ ವಾರವೇ ನರ್ಸ್ ಹತ್ರ ಕೇಳಿದ್ದೆ."

ಅವನು ದಂಗಾದ. "ಮತ್ತೆ... ಯಾಕೆ ಬಂದ್ರಿ?"

"ಬರ್ಬೇಕು ಅನ್ನಿಸ್ತು." ಅವಳ ಕಣ್ಣು ತುಂಬಿ ಬಂತು. ಇಷ್ಟು ತಿಂಗಳಿಂದ ಬಾರದ ನೀರು ಈಗ ನಿಲ್ಲುವ ಹಾಗಿರಲಿಲ್ಲ. "ಬೇರೆ ಯಾವುದೂ ಅನ್ನಿಸ್ತಿರ್ಲಿಲ್ಲ ನನಗೆ. ಅನ್ನಿಸ್ತಿದ್ದದ್ದು ಅದೊಂದೇ."

ಅವನು ಮೆಲ್ಲಗೆ ಪಕ್ಕಕ್ಕೆ ಬಂದ.

"ಈಗ?"

"ಈಗ ತುಂಬಾ ಅನ್ನಿಸ್ತಿದೆ. ಒಂದೊಂದಾಗಿ ಹೇಳ್ತೀನಿ, ಕೂತ್ಕೋ."