ಮಾಂತ್ರಿಕನ ಪಕ್ಷ

ಮೊದಲ ದಿನವೇ ಶಿವಶರಣಪ್ಪ ಗಂಗರತ್ನನನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿಬಿಟ್ಟ. ಆರ್.ಟಿ. ನಗರದ ಖಾದರ್ ಬಾಷಾನ ಮನೆಯ ಮಹಡಿಯಿಂದ ಬಗ್ಗಿ ನೋಡಿ, "ಮುನಿಯಣ್ಣ ಇನ್ನೂ ಬಂದಿಲ್ರೀ. ಬಂದ ಮ್ಯಾಲೆ ಕಳಸ್ತೀನಿ, ನೀವು ಮನೀಗೆ ನಡೀರಿ" ಅಂದ.

ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಅಂದುಕೊಂಡಿದ್ದ, ಪುಣ್ಯಾತ್ಮ. ಮುನಿಯಣ್ಣ ಗಂಗರತ್ನನ ದೊಡ್ಡಮ್ಮನ ಮಗ ಅನ್ನುವುದೇನೋ ನಿಜ. ಅವನು ಜೊತೆಗಿರುತ್ತಾನೆ ಅನ್ನುವ ಒಂದೇ ಕಾರಣಕ್ಕೆ ಕೆಂಪಾಪುರದ ದ್ರಾಕ್ಷಿ ತೋಟದ ಮನೆಯಿಂದ ಅವಳಿಗೆ ಭಾನುವಾರದ ಮಧ್ಯಾಹ್ನಗಳು ಸಿಕ್ಕಿದ್ದವು. ಆದರೆ ಅವಳು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಟೀಚರು. ಯಾರೋ ನಡೀರಿ ಅಂದರೆ ನಡೆದುಬಿಡುವ ಪೈಕಿಯಲ್ಲ.

"ನಾನು ಆಡೋಕೆ ಬಂದಿರೋದು. ದಾರಿ ಬಿಡ್ತೀರಾ?" ಅಂದಳು.

ಅವನ ಕಿವಿ ಕೆಂಪಾಯಿತು. ಕೆಂಪಾದದ್ದನ್ನು ಅವಳು ನೋಡಿದಳು, ಅವಳು ನೋಡಿದ್ದನ್ನು ಅವನೂ ನೋಡಿದ. ಎಲ್ಲ ಶುರುವಾದದ್ದು ಅಲ್ಲೇ ಅಂತ ಇಟ್ಟುಕೊಳ್ಳಿ.

ಅದು ಎಂಬತ್ನಾಲ್ಕನೇ ಇಸವಿ. ಖಾದರನ ಅಣ್ಣ ಹಡಗಿನಲ್ಲಿ ಕೆಲಸಕ್ಕಿದ್ದವನು ಯಾವುದೋ ದೇಶದಿಂದ ಒಂದು ಆಟದ ಪುಸ್ತಕ ತಂದುಕೊಟ್ಟಿದ್ದ. ಅದಕ್ಕೆ ಮಣೆಯೂ ಇಲ್ಲ, ಕಾಯಿಯೂ ಇಲ್ಲ. ಖಾದರ್ ಕಥೆ ಹೇಳುತ್ತಾನೆ: ಮುಂದೆ ಒಂದು ಗುಹೆಯಿದೆ, ಒಳಗೆ ಏನೋ ಉಸಿರಾಡುತ್ತಿದೆ, ಏನು ಮಾಡ್ತೀರ? ಆಡುವವರು ತಾವೇ ಆ ಗುಹೆಯ ಬಾಯಲ್ಲಿ ನಿಂತವರ ಹಾಗೆ ಉತ್ತರ ಕೊಡಬೇಕು. ಕತ್ತಿ ಹಿಡಿಯುವ ಯೋಧ, ಮಂತ್ರ ಹಾಕುವ ಮಾಂತ್ರಿಕ, ಗಾಯ ಮಾಯಿಸುವ ವೈದ್ಯ, ಬೀಗ ಮುರಿಯುವ ಕಳ್ಳ, ಇವರಲ್ಲಿ ಯಾರು ಬೇಕಾದರೂ ಆಗಬಹುದು. ಮುನಿಯಣ್ಣ ಕಣ್ಣುಮುಚ್ಚಿಕೊಂಡು ಕಳ್ಳನಾದ. ಶಿವಶರಣಪ್ಪ ಯೋಧ. ಗಂಗರತ್ನ ಮಾಂತ್ರಿಕನನ್ನು ಆರಿಸಿಕೊಂಡಳು. ವೈದ್ಯ ಯಾರಿಗೂ ಬೇಡವಾಗಿದ್ದ.

ಏಟು ತಗುಲಿತೋ ಇಲ್ಲವೋ, ಮಂತ್ರ ಫಲಿಸಿತೋ ಇಲ್ಲವೋ ಅನ್ನುವುದಕ್ಕೆ ಇಪ್ಪತ್ತು ಮುಖದ ದಾಳ ಬೇಕು ಅಂತ ಪುಸ್ತಕ ಹೇಳುತ್ತಿತ್ತು. ಚಿಕ್ಕಪೇಟೆಯನ್ನೆಲ್ಲ ಸುತ್ತಿದರೂ ಅಂಥದ್ದು ಸಿಗಲಿಲ್ಲ. ಕೊನೆಗೆ ಖಾದರನೇ ಉಪಾಯ ಮಾಡಿದ. ಇಪ್ಪತ್ತು ಕವಡೆ ಕುಲುಕಿ ಚಾಪೆಯ ಮೇಲೆ ಎಸೆಯುವುದು, ಎಷ್ಟು ಅಂಗಾತ ಬಿದ್ದವೋ ಅಷ್ಟು ಅಂಕ. ಚೌಕಾಬಾರ ಆಡಿಕೊಂಡೇ ಬೆಳೆದ ಜನ, ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ.

ಯೋಧನ ಏಟಿಗೆ ಒಂಬತ್ತು ಬಿದ್ದರೆ ಸಾಕು. ಮಾಂತ್ರಿಕನ ಮಂತ್ರಕ್ಕೆ ಹದಿನೈದಾದರೂ ಬೇಕು. ಗಂಗರತ್ನನ ಮಂತ್ರ ಒಂದಾದರೂ ಫಲಿಸಿದ್ದರೆ ಕೇಳಿ. ಅವಳ ಮಾಂತ್ರಿಕರು ಒಬ್ಬರ ಹಿಂದೆ ಒಬ್ಬರು ಸಾಲಾಗಿ ಸತ್ತರು. ಒಬ್ಬನನ್ನಂತೂ ಹೆಗ್ಗಣ ಕಚ್ಚಿ ಕೊಂದಿತು. ಪ್ರತಿ ಸಾವಿಗೂ ಅವಳು ಮುಖ ಊದಿಸಿಕೊಂಡು ಕೂರುವಳು. ಶಿವಶರಣಪ್ಪ ತನ್ನ ಪಾಲಿನ ಸಮೋಸಾ ಅವಳ ಕಡೆ ಸರಿಸಿ, "ಮಾಂತ್ರಿಕನ ತಿಥಿ, ತಗೋರಿ ಟೀಚರ್" ಅನ್ನುವನು. ಸಿಟ್ಟು ಬಂದರೂ ಅವಳು ಸಮೋಸಾ ಬಿಡುತ್ತಿರಲಿಲ್ಲ.

ಯಾರು ಹೆಚ್ಚು ಬಲಶಾಲಿ ಅನ್ನುವ ಜಗಳ ಆಟಕ್ಕಿಂತ ಉದ್ದವಾಗತೊಡಗಿತು. ಮಾಂತ್ರಿಕ ಮೊದಲು ಬಡಕಲನಾದರೂ ಉಳಿದುಕೊಂಡರೆ ಬೆಟ್ಟವನ್ನೇ ಎತ್ತುತ್ತಾನೆ, ಯೋಧ ಹತ್ತು ವರ್ಷ ಬಿಟ್ಟು ನೋಡಿದರೂ ಅದೇ ಕತ್ತಿ ಬೀಸುತ್ತಿರುತ್ತಾನೆ ಅನ್ನುವುದು ಅವಳ ವಾದ.

"ನಿಮ್ಮ ಮಾಂತ್ರಿಕನ ದೊಡ್ಡಸ್ತಿಕಿ ಎಲ್ಲಾ ಮುಂದಿನ ವರ್ಷದ್ದು" ಅನ್ನುವನು ಅವನು. "ನನ್ನ ಯೋಧಂದು ಇವತ್ತಿಂದು. ಇವತ್ತು ಇದ್ದಾಂವನಽ ದೊಡ್ಡಾಂವ."

"ಇವತ್ತೊಂದೇ ಸಾಕಾಗಿದ್ರೆ ಅರ್ಧ ಟೀ ಯಾಕ್ರೀ ಉಳಿಸ್ಕೊಂಡು ಕೂತಿರ್ತೀರಾ?"

ಅವನು ಲೋಟ ನೋಡುವನು, ಅವಳನ್ನು ನೋಡುವನು, ಆಮೇಲೆ ನಗುವನು. ಆ ನಗು ಒಂದು ಕಡೆಯಿಂದ ಶುರುವಾಗಿ ಇನ್ನೊಂದು ಕಡೆಗೆ ನಿಧಾನಕ್ಕೆ ಹೋಗುತ್ತಿತ್ತು. ಅದನ್ನು ನೋಡುವುದಕ್ಕೆಂದೇ ಗಂಗರತ್ನ ವಾರವಿಡೀ ಹೊಸ ಹೊಸ ವಾದ ಹೊಂದಿಸಿಕೊಳ್ಳುತ್ತಿದ್ದಳು, ಮಕ್ಕಳ ಪರೀಕ್ಷೆ ಪೇಪರು ತಿದ್ದುವಾಗಲೂ.

ಒಂದು ಭಾನುವಾರ ಅವಳು ಬರುವಾಗ ಅವನು ಮೆಟ್ಟಿಲ ನಡುವೆ ಕೂತು ಬಗ್ಗಿದ್ದ. ಚಪ್ಪಲಿಯ ಬಕಲ್ ಸರಿಮಾಡಿಕೊಳ್ಳುತ್ತಿದ್ದೇನೆ ಅಂದ. ಹವಾಯಿ ಚಪ್ಪಲಿಗೆ ಬಕಲ್ ಎಲ್ಲಿಂದ ಬರಬೇಕು? ಅವನ ತುಟಿ ನೀಲಿಗಟ್ಟಿತ್ತು. ಸಂಜೆ ದಾರಿಯಲ್ಲಿ ಅವಳು ಮುನಿಯಣ್ಣನ ಬೆನ್ನು ಬಿದ್ದು ಬಾಯಿ ಬಿಡಿಸಿದಳು. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಶಿವಶರಣಪ್ಪನ ಎದೆಯ ಕವಾಟ ಕೆಡಿಸಿತ್ತು. ಆಪರೇಷನ್ ಮಾಡಿಸಿದರೆ ಎಲ್ಲರ ಹಾಗೆ ಮುದುಕನಾಗಬಹುದು, ಇಲ್ಲದಿದ್ದರೆ ಉಳಿದಿರುವುದು ಕೆಲವೇ ವರ್ಷ ಅಂತ ಡಾಕ್ಟರು ಹೇಳಿದ್ದರು. ಅವನು ಬೇಡವೆಂದಿದ್ದ. ಯಶವಂತಪುರದ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಕೆಲಸ, ಒಂದು ಬಾಡಿಗೆ ಕೋಣೆ, ಭಾನುವಾರದ ಆಟ, ಇಷ್ಟೇ ಸಾಕು ಅಂತ ತೀರ್ಮಾನ ಮಾಡಿಕೊಂಡಿದ್ದ.

ಮುಂದಿನ ವಾರ ಬಸ್ ಸ್ಟಾಪಿನವರೆಗೆ ಮೂವರೂ ನಡೆದರು. ಮುನಿಯಣ್ಣ ಬೀಡಿಯ ನೆಪದಲ್ಲಿ ಮುಂದೆ ಹೋದ, ಅವನ ಹೊಟ್ಟೆ ತಣ್ಣಗಿರಲಿ. ಗಂಗರತ್ನ ಸುತ್ತಿ ಬಳಸದೆ ಕೇಳಿಯೇಬಿಟ್ಟಳು, ಯಾಕೆ ಬೇಡ ಅಂತ.

"ನಮ್ಮ ಮನಿಯಾಗ ಒಬ್ಬಾಂವ ಹೋಗಿ ನೋಡ್ಯಾನ್ರೀ" ಅಂದ ಅವನು. "ನಮ್ಮಣ್ಣ ಮುರಿಗೆಪ್ಪ. ಅವಂಗೂ ಇದಽ ಬ್ಯಾನಿ. ನಡ್ಕೊಂತ ಒಳಗ ಹೋದಾಂವ ಹೊರಗ ಬರ್ಲಿಲ್ಲ. ನಮ್ಮವ್ವ ಎರಡು ಸಲ ಅದನ್ನ ನೋಡೂದು ಬ್ಯಾಡ."

ವಾದದಲ್ಲಿ ಎಂದೂ ಸೋಲದವಳು ಬಸ್ಸು ಹತ್ತಿ, ಹೆಬ್ಬಾಳದ ಕೆರೆ ದಾಟುವವರೆಗೂ ಕಿಟಕಿಯ ಕಡೆ ತಿರುಗಿ ಅತ್ತಳು. ಇವನಿಲ್ಲದೆ ತನ್ನಿಂದಾಗದು ಅನ್ನುವುದು ಅವಳಿಗೆ ಗೊತ್ತಾದದ್ದು ಆ ದಿನ.

ಆಮೇಲೆ ಸ್ಕೂಲ್ ಡೇ ಬಂತು. ತಂಬೋಲಾ ಆಡಿಸುವ ಕೆಲಸ ಅವಳ ಪಾಲಿಗೆ ಬಿತ್ತು. ಚೀಲದಿಂದ ನಂಬರ್ ತೆಗೆದು ಕೂಗುತ್ತಿದ್ದವಳು ನಡುವೆ ಸುಮ್ಮನೆ ನಿಂತುಬಿಟ್ಟಳು. ಈ ಚೀಲದಲ್ಲಿ ನಲವತ್ತೈದು ಎಷ್ಟು ಸಲೀಸಾಗಿ ಬರುತ್ತದೋ ತೊಂಬತ್ತೂ ಅಷ್ಟೇ ಸಲೀಸಾಗಿ ಬರುತ್ತದೆ. ಕವಡೆ ಹಾಗಲ್ಲ. ಇಪ್ಪತ್ತು ಎಸೆದರೆ ಹೆಚ್ಚುಕಮ್ಮಿ ಅರ್ಧ ಅಂಗಾತ, ಅರ್ಧ ಬೋರಲು. ಯಾವಾಗಲೂ ಒಂಬತ್ತು, ಹತ್ತು, ಹನ್ನೊಂದು. ಯೋಧ ಗೆಲ್ಲದೆ ಇನ್ನೇನಾದಾನು? ಹದಿನೈದು ಬೀಳುವುದೇ ಇಲ್ಲ ಅಂದಮೇಲೆ ಮಾಂತ್ರಿಕ ಬದುಕುವುದಾದರೂ ಹೇಗೆ? ಲೆಕ್ಕದ ಟೀಚರಾಗಿ ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಅಂತ ತನ್ನನ್ನೇ ಬೈದುಕೊಂಡಳು.

ಆ ಭಾನುವಾರ ಒಂದರಿಂದ ಇಪ್ಪತ್ತರವರೆಗೆ ಚೀಟಿ ಬರೆದು, ಖಾಲಿ ಡಾಲ್ಡಾ ಡಬ್ಬಕ್ಕೆ ಹಾಕಿ ಒಯ್ದಳು. ಕವಡೆ ಬೇಡ, ಇವತ್ತು ಚೀಟಿ ಎತ್ತೋಣ ಅಂದಳು. ಮೊದಲ ಗುಹೆಯಲ್ಲೇ ಅವಳ ಮಂತ್ರ ಫಲಿಸಿತು, ಎರಡನೆಯದರಲ್ಲೂ ಫಲಿಸಿತು. ಸಂಜೆಯ ಹೊತ್ತಿಗೆ ಮಾಂತ್ರಿಕ ಬದುಕಿದ್ದ, ಯೋಧ ಅವನ ಬೆನ್ನ ಹಿಂದೆ ನಿಂತಿದ್ದ. ಮುನಿಯಣ್ಣ ಸಿಳ್ಳೆ ಹೊಡೆದ.

ಶಿವಶರಣಪ್ಪ ಮಾತ್ರ ನಗಲಿಲ್ಲ. ಕವಡೆಗಳನ್ನು ಎತ್ತಿಕೊಂಡು ಎಸೆದ, ಎಣಿಸಿದ, ಮತ್ತೆ ಎಸೆದ. ಇಷ್ಟು ದಿನ ಇದನ್ನೇ ನಂಬಿಕೊಂಡು ಕೂತಿದ್ದೆವಲ್ಲ ಅಂದ.

"ನಿಮ್ಮಣ್ಣಂದೂ ಹಂಗೇ" ಅಂದಳು ಗಂಗರತ್ನ. "ಆಗಿನ ಡಾಕ್ಟ್ರು ಬೇರೆ, ಆ ಊರು ಬೇರೆ, ಆ ಆಸ್ಪತ್ರೆ ಬೇರೆ. ಒಂದ್ಸಲ ಕಣ್ಣಲ್ಲಿ ಕಂಡಿದ್ದನ್ನೇ ನೀವು ಲೆಕ್ಕ ಅಂತಿದ್ದೀರ. ಅದು ಲೆಕ್ಕ ಅಲ್ಲ, ಭಯ."

ನೀವು ನನಗೆ ಬೇಕು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಈಗ ಹೇಳಿದರೆ ಅವನು ನನಗೋಸ್ಕರ ಹೋದಂತಾಗುತ್ತದೆ, ಹೋಗುವುದಿದ್ದರೆ ಅವನಿಗೋಸ್ಕರವೇ ಹೋಗಲಿ ಅಂತ ಅವಳ ಯೋಚನೆ. ಎಷ್ಟು ಬುದ್ಧಿವಂತೆ ನೋಡಿ.

ಅವನು ರಜಾ ಹಾಕಿ ಸಿಂದಗಿ ಕಡೆಯ ತನ್ನ ಊರಿಗೆ ಹೋಗಿ ಬಂದ. ಬಂದವನೇ ಆಸ್ಪತ್ರೆಯಲ್ಲಿ ಹೆಸರು ಬರೆಸಿದ. ಸೇರುವ ಹಿಂದಿನ ಸಂಜೆ ಖಾದರನ ಗೇಟಿನ ಹತ್ತಿರ ಇಬ್ಬರೇ ನಿಂತಿದ್ದರು.

"ಅಂಜಿಕಿ ಆಗ್ತದ, ಟೀಚರ್" ಅಂದ.

ಅವಳು ಅವನ ಕೈ ಹಿಡಿದಳು. ಅದೇ ಮೊದಲು. ಬೆರಳೆಲ್ಲ ತಣ್ಣಗಿದ್ದವು. ಅವನು ಅವಳ ಹಣೆ, ಕಣ್ಣು, ಗಲ್ಲ ಎಲ್ಲವನ್ನೂ ಒಂದೊಂದಾಗಿ ನೋಡಿದ, ನಕ್ಷೆ ಬರೆಯುವ ಮೊದಲು ಅಳತೆ ನೋಡುವವರ ಹಾಗೆ. ಆಮೇಲೆ ಕೈ ಬಿಡಿಸಿಕೊಂಡು, ಬರ್ತೀನಿ ಅಂದ. ಇಬ್ಬರೂ ಹೇಳಬೇಕಾದದ್ದನ್ನು ಹೇಳಲಿಲ್ಲ.

ಗುರುವಾರ ಮಧ್ಯಾಹ್ನ ಖಾದರ್ ಬಾಷಾ ಸ್ಕೂಲಿನ ಗೇಟಿನಲ್ಲಿ ಸೈಕಲ್ ಹಿಡಿದು ನಿಂತಿದ್ದ. ನಿಂತ ರೀತಿಯಲ್ಲೇ ಅವಳಿಗೆ ಗೊತ್ತಾಯಿತು. ಆಪರೇಷನ್ ಸರಿಯಾಗಿಯೇ ನಡೆದಿತ್ತಂತೆ, ಆದರೆ ಅದಕ್ಕಾಗಿ ನಿಲ್ಲಿಸಿದ್ದ ಎದೆ ಮತ್ತೆ ಬಡಿದುಕೊಳ್ಳಲಿಲ್ಲವಂತೆ. ಸಂಜೆಯೇ ವ್ಯಾನಿನಲ್ಲಿ ಊರಿಗೆ ಒಯ್ದರು. ಅವಳನ್ನು ಬರ್ತೀಯಾ ಅಂತ ಯಾರೂ ಕೇಳಲಿಲ್ಲ. ಕೇಳುವುದಕ್ಕೆ ಅವಳು ಅವನಿಗೆ ಏನಾಗಬೇಕಿತ್ತು? ಮನೆಯಲ್ಲಿ ಅಳುವುದಕ್ಕೂ ಹಕ್ಕಿರಲಿಲ್ಲ. ಅಪ್ಪ ಚಿಕ್ಕಬೈರಪ್ಪ ಯಾಕಮ್ಮ ಊಟ ಬಿಟ್ಟೆ ಅಂದಾಗ ತಲೆನೋವು ಅಂದಳು.

ಡಬ್ಬದ ಚೀಟಿಗಳು ಅವಳನ್ನು ಬಿಡಲಿಲ್ಲ. ಕವಡೆಯಲ್ಲಿ ಇಪ್ಪತ್ತು ಬೀಳುವುದಿಲ್ಲ, ನಿಜ. ಆದರೆ ಒಂದು ಅನ್ನುವ ಅಂಕವೂ ಬೀಳುವುದಿಲ್ಲ. ಚೀಟಿಯಲ್ಲಿ ಇಪ್ಪತ್ತು ಬರುವಷ್ಟೇ ಸಲೀಸಾಗಿ ಒಂದೂ ಬರುತ್ತದೆ. ಅದು ಅವಳಿಗೆ ಗೊತ್ತಿತ್ತು, ಅವನಿಗೆ ಹೇಳಿರಲಿಲ್ಲ. ಗೆಲ್ಲುವ ಹಟದಲ್ಲಿ ಅರ್ಧ ಲೆಕ್ಕ ಮಾತ್ರ ತೋರಿಸಿದ್ದಳು. ಆಟದ ಲೆಕ್ಕ ತಂದು ಅವನ ಜೀವಕ್ಕೆ ಹಾಕಿದೆನಲ್ಲ ಅಂತ ಕೊರಗಿ ಕೊರಗಿ ಅರ್ಧವಾದಳು.

ಮುಂದಿನ ತಿಂಗಳು ಅವನ ತಾಯಿ ಸಂಗವ್ವ ಯಶವಂತಪುರದ ಕೋಣೆ ಖಾಲಿ ಮಾಡಲು ಬಂದಿದ್ದಾರೆ ಅಂತ ತಿಳಿಯಿತು. ಗಂಗರತ್ನ ಖಾದರನನ್ನು ಕರೆದುಕೊಂಡು ಹೋದಳು. ಅವನು ಹೊರಗೇ ನಿಂತ. ಒಳಗೆ ಸಂಗವ್ವ ಮಗನ ಅಂಗಿಗಳನ್ನು ಮಡಚಿ ಗಂಟು ಕಟ್ಟುತ್ತಿದ್ದರು. ಕಣ್ಣು ಒಣಗಿತ್ತು.

"ಅಮ್ಮಾ, ಆಪರೇಷನ್‌ಗೆ ಹೋಗಿ ಅಂದಿದ್ದು ನಾನು" ಅಂದಳು ಗಂಗರತ್ನ, ಬಾಗಿಲಲ್ಲೇ ನಿಂತು. "ಅವರು ಬೇಡ ಅಂತಿದ್ರು. ನಾನೇ ವಾದ ಮಾಡಿ ಒಪ್ಪಿಸ್ದೆ."

"ಗೊತ್ತದ" ಅಂದರು ಸಂಗವ್ವ. "ಸುಳ್ಳು ಯಾಕ ಹೇಳ್ಲಿ, ಆ ಹುಡುಗಿ ಬಾಯಾಗ ಹುಳ ಬೀಳ್ಲಿ ಅಂತ ಬೈದೀನಿ. ದಿನಾ ಬೈದೀನಿ."

ಗಂಗರತ್ನ ತಲೆ ತಗ್ಗಿಸಿದಳು. ಸಂಗವ್ವ ಇನ್ನೊಂದು ಅಂಗಿ ಎತ್ತಿಕೊಂಡು, ಮಡಚದೆ ಮಡಿಲಲ್ಲಿಟ್ಟುಕೊಂಡು ಮಾತಾಡತೊಡಗಿದರು. ಹಿರಿಯ ಮಗ ಹೋದಾಗಿನಿಂದ ಕಿರಿಯವನ ಬಾಯಲ್ಲಿ ಮುಂದಿನ ವರ್ಷ ಅನ್ನುವ ಮಾತೇ ಬಂದಿರಲಿಲ್ಲವಂತೆ. ಬದುಕಿದ್ದೂ ಇಲ್ಲದವನ ಹಾಗೆ ಇದ್ದನಂತೆ. ಈ ಸಲ ಊರಿಗೆ ಬಂದವನು ಎರಡೆರಡು ರೊಟ್ಟಿ ಹೆಚ್ಚು ಕೇಳಿ ಹಾಕಿಸಿಕೊಂಡ, ಹಿಂದಿನ ಕೋಣೆಗೆ ಸುಣ್ಣ ಹೊಡೆಸು ಅಂದ.

"ಯಾಕೋ ಅಂದ್ರ, ಎವ್ವಾ, ಮುಂದಿನ ವರ್ಷ ಒಬ್ಬಾಕಿನ್ನ ಕರ್ಕೊಂಡು ಬರ್ತೀನಿ, ಟೀಚರ್ ಅದಾಳ, ಮಾತಿಗೆ ಮಾತು ಬಿಡೂದಿಲ್ಲ, ನಿನಗ ಸರಿಹೋಗ್ತಾಳ ಅಂದ." ಸಂಗವ್ವ ತಲೆಯೆತ್ತಿದರು. "ನಿನಗ ಹೇಳಿದ್ನೇನು?"

"ಇಲ್ಲ."

"ನೀ ಹೇಳಿದ್ಯೇನು?"

ಗಂಗರತ್ನ ಇಲ್ಲವೆಂದು ತಲೆಯಾಡಿಸಿದಳು.

ಸಂಗವ್ವ ಮಂಚದ ಮೇಲಿದ್ದ ಬಟ್ಟೆಯನ್ನೆಲ್ಲ ಒಂದು ಕಡೆ ಸರಿಸಿ ಜಾಗ ಮಾಡಿದರು. "ಬಾ, ಕೂಡು. ಈಗ ಹೇಳು. ಕೇಳಾಕ ನಾ ಅದೀನಿ."

ಅವಳು ಹೋಗಿ ಕೂತಳು. ಅವರ ಮಡಿಲಲ್ಲಿದ್ದ ಅಂಗಿಯ ಮೇಲೆ ಕೈಯಿಟ್ಟಳು.

"ನಿಮ್ಮ ಮಗ ಅಂದ್ರೆ ನಂಗೆ ಪ್ರಾಣ, ಅತ್ತೆ" ಅಂದಳು.

ಅಲ್ಲಿಯವರೆಗೂ ಒಣಗಿದ್ದ ಸಂಗವ್ವನ ಕಣ್ಣಲ್ಲಿ ನೀರು ಬಂತು.