ಏಳನೇ ಮೂಳೆ

"ಕೆಲಸ ಕಲಿಯೋಕೆ ನಮ್ಮಮ್ಮನೇ ಬೇಕಿತ್ತೇನ್ರೀ?"

ಶಿವಪ್ರಸಾದನ ಕೂಗಿಗೆ ಶಿವಮೊಗ್ಗದ ಆ ಆಸ್ಪತ್ರೆಯ ಎಕ್ಸ್‌ರೇ ಕೋಣೆಯೇ ಬೆಚ್ಚಿಬಿತ್ತು. ಸಮತಾಳ ಕಣ್ಣು ತುಂಬಿಬಂತು. ಅವಳು ಕೆಲಸಕ್ಕೆ ಸೇರಿ ಮೂರೇ ವಾರ... 1998ರಲ್ಲಿ ಎಕ್ಸ್‌ರೇ ತೆಗೆಯುವವಳು ಹುಡುಗಿ ಎಂದರೆ ಜನಕ್ಕೆ ಮೊದಲೇ ಅನುಮಾನ!

ಭದ್ರಾವತಿಯ ಜನ್ನಾಪುರದಿಂದ ತಾಯಿ ಈಶ್ವರಮ್ಮನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬರುತ್ತಿದ್ದವನು, ಮಲವಗೊಪ್ಪದ ಹತ್ತಿರ ಎಮ್ಮೆ ಅಡ್ಡ ಬಂದು ಬಿದ್ದಿದ್ದ. ಅವನ ಮೊಣಕೈ ತರಚಿತ್ತು, ಅಷ್ಟೆ. ತಾಯಿಗೆ ಕತ್ತು ನೋವು. ಎಕ್ಸ್‌ರೇಯಲ್ಲಿ ಏನೂ ಆದಂತೆ ಕಾಣಲಿಲ್ಲ. ಆದರೂ ಈ ಹುಡುಗಿ ಇನ್ನೊಂದು ಸಲ ತೆಗೆಯಬೇಕೆಂದು ಹಟ ಹಿಡಿದಿದ್ದಳು.

"ಕತ್ತಲ್ಲಿ ಏಳು ಮೂಳೆ ಇರುತ್ತೆ ಸಾರ್. ಇದ್ರಲ್ಲಿ ಆರೇ ಕಾಣ್ತಿರೋದು. ಏಳನೇದು ಭುಜದ ಹಿಂದೆ ಮುಚ್ಚಿಹೋಗಿದೆ."

"ಆರು ಸರಿ ಇದ್ಮೇಲೆ ಅದೂ ಸರಿನೇ ಇರುತ್ತೆ! ಮನೆಗೆ ಕರ್ಕೊಂಡು ಹೋಗ್ತೀನಿ, ಬಿಡಿ."

'ಈಗ ಅಳಬಾರದು... ಆಮೇಲೆ ಅಳೋಣ' ಎಂದುಕೊಂಡಳು ಸಮತಾ.

"ನಾನು ನೋಡ್ದೇ ಇರೋ ಮೂಳೆನ ಸರಿ ಇದೆ ಅಂತ ಹೇಳಲ್ಲ. ಅವ್ರನ್ನ ಎಬ್ಬಿಸ್ಬೇಡಿ!"

ಮಲಗಿದ್ದ ಈಶ್ವರಮ್ಮನೇ ನ್ಯಾಯ ಹೇಳಿದರು. "ಲೋ ಮಾರಾಯ, ಆ ಮಗು ಹೇಳ್ದಂಗೆ ಕೇಳೋ."

ಸಮತಾ ಡಾಕ್ಟರನ್ನು ಕೇಳಿಕೊಂಡು ಬಂದಳು. ಕಿರಣ ತಾಗದಿರಲೆಂದು ಸೀಸದ ಏಪ್ರನ್ ತಂದು ಶಿವಪ್ರಸಾದನಿಗೆ ತೊಡಿಸಿ, ಬೆನ್ನ ಹಿಂದೆ ದಾರ ಕಟ್ಟಿದಳು.

"ಅಮ್ಮನ ಎರಡೂ ಕೈ ಹಿಡಿದು ಕಾಲಿನ ಕಡೆಗೆ ಮೆಲ್ಲಗೆ ಎಳೀರಿ, ಭುಜ ಕೆಳಗಿಳೀಲಿ. ಅಮ್ಮಾ, ಉಸಿರು ಬಿಗಿಹಿಡೀರಿ... ಹಾಂ, ಬಿಡಿ."

ಈಶ್ವರಮ್ಮ ಉಸಿರು ಬಿಟ್ಟರು. ಮಗ ಮಾತ್ರ ಮುಖ ಕೆಂಪಗೆ ಮಾಡಿಕೊಂಡು ಹಾಗೇ ನಿಂತಿದ್ದ!

"ನೀವೂ ಬಿಡಿ ಸಾರ್!"

ಸ್ವಲ್ಪ ಹೊತ್ತಿಗೆ ಸಮತಾ ನೀರು ತೊಟ್ಟಿಕ್ಕುವ ಫಿಲ್ಮನ್ನು ಕತ್ತಲೆಕೋಣೆಯಿಂದ ತಂದು ದೀಪಕ್ಕೆ ಹಿಡಿದಳು. ಏಳನೇ ಮೂಳೆಯಲ್ಲಿ ಬಿರುಕು! ಕತ್ತು ಒಂಚೂರು ಜರುಗಿದ್ದರೂ ಕೈಕಾಲು ಸ್ವಾಧೀನ ತಪ್ಪುತ್ತಿತ್ತು ಎಂದರು ಡಾಕ್ಟರು.

ಶಿವಪ್ರಸಾದ ಅಮ್ಮನ ಕೈ ಹಿಡಿದುಕೊಂಡು ಪಕ್ಕದಲ್ಲೇ ಕುಳಿತ. ಅವಳತ್ತ ತಲೆಯೆತ್ತಲೇ ಇಲ್ಲ.

ಆಮೇಲೂ ಅಷ್ಟೇ! ಕತ್ತಿಗೆ ಪಟ್ಟಿ ಹಾಕಿಕೊಂಡ ಈಶ್ವರಮ್ಮ ತಪಾಸಣೆಗೆ ಬಂದಾಗಲೆಲ್ಲ ಒಬ್ಬರೇ ಒಳಗೆ ಬರುತ್ತಿದ್ದರು. ಅವನು ಗೇಟಿನ ಹತ್ತಿರ ಬೆನ್ನು ತಿರುಗಿಸಿ ನಿಂತಿರುತ್ತಿದ್ದ.

'ಒಂದು ಮಾತಾಡೋಕೂ ಆಗಲ್ವಾ? ಎಂಥ ಜಂಬ!' ಎಂದು ಸಮತಾ ಹಲ್ಲು ಕಚ್ಚುತ್ತಿದ್ದಳು. ಆದರೆ ಕಣ್ಣು ಮತ್ತೆ ಮತ್ತೆ ಕಿಟಕಿಯಿಂದ ಗೇಟಿಗೇ ಹೋಗುತ್ತಿತ್ತು. ಹಾಳು ಕಣ್ಣು!

ಮೂರು ತಿಂಗಳ ಮೇಲೆ ಕೊನೆಯ ಎಕ್ಸ್‌ರೇ.

"ಕೈ ಎಳೆಯೋಕೆ ಜನ ಬೇಕಲ್ವೇನಮ್ಮ?" ಎಂದರು ಈಶ್ವರಮ್ಮ. "ಗೇಟಲ್ಲಿ ಒಬ್ಬ ಇದಾನೆ, ಕರಿ. ನಿನ್ನ ಮುಖ ನೋಡೋಕೆ ನಾಚ್ಕೆಯಂತೆ. ಮನೇಲಿ ಮಾತ್ರ ದಿನಾ ನಿಂದೇ ಜಪ!"

ಸಮತಾ ಕಿಟಕಿಯತ್ತ ತಿರುಗಿದಳು. 'ಜಂಬ ಅಲ್ವಾ...?'

ಅವನು ತಲೆ ತಗ್ಗಿಸಿಕೊಂಡೇ ಬಂದ. ಏಪ್ರನ್ನಿನ ದಾರವನ್ನು ಅವಳು ಎರಡೆರಡು ಸಲ ಬಿಚ್ಚಿ ಕಟ್ಟಿದಳು. ಈ ಸಲ ಏಳನೇ ಮೂಳೆ ಚೆನ್ನಾಗಿ ಕೂಡಿಕೊಂಡಿತ್ತು. ಡಾಕ್ಟರಿಗೆ ತೋರಿಸಿ ಬರುತ್ತೇನೆಂದು ಈಶ್ವರಮ್ಮ ಬೇಕೆಂದೇ ಒಬ್ಬರೇ ಹೊರಟರು.

"ಅವತ್ತು ನನ್ ಮಾತು ಕೇಳಿ ನೀವು ಬಿಟ್ಬಿಟ್ಟಿದ್ರೆ... ಅಮ್ಮನ್ನ ನಾನೇ ಹಾಳ್ಮಾಡ್ತಿದ್ದೆ." ಅವನು ನೆಲ ನೋಡುತ್ತಲೇ ಹೇಳಿದ. "ಯಾವ ಮುಖ ಇಟ್ಕೊಂಡು ಬರ್ಲಿ ಹೇಳಿ?"

"ಇದೇ ಮುಖ ಸಾಕಾಗಿತ್ತು. ಮೂರು ತಿಂಗಳು ಕಾದೆ."

ಅವನು ಥಟ್ಟನೆ ತಲೆಯೆತ್ತಿದ.

"ನನ್ನ ಮದ್ವೆ ಆಗ್ತೀರಾ, ಸಮತಾ?"

ಕೇಳಿದವನು ಉಸಿರೇ ಆಡಲಿಲ್ಲ. ಮುಖ ಅವತ್ತಿನಂತೆಯೇ ಕೆಂಪಾಯಿತು. ಸಮತಾಳಿಗೆ ನಗುವೂ ಬಂತು, ಅಳುವೂ ಬಂತು. ಮೂರು ತಿಂಗಳ ಹಿಂದೆ 'ಸಾರ್' ಎಂದಿದ್ದ ಬಾಯಿಗೆ ಈಗ ಆ ಮಾತು ಬರಲೇ ಇಲ್ಲ.

"ರೀ... ಉಸಿರು ಬಿಡಿ."