ಬಾವಿಯಿಂದ ದೂರ ನಿಂತವಳು

"ಅಯ್ಯೋ... ಕಾಲು ತೆಗೀರೀ!"

ಕರಿಬಸಮ್ಮನ ಕೂಗಿಗೆ ಇಡೀ ಬಾಲವಾಡಿಯೇ ಬೆಚ್ಚಿಬಿತ್ತು. ಮಕ್ಕಳ ಗ್ರೂಪ್ ಫೋಟೊ ತೆಗೆಯಲು ಬಂದವನು ಕ್ಯಾಮೆರಾ ಹಿಡಿದು ಹಿಂದೆ ಸರಿಯುತ್ತ ಸರಿಯುತ್ತ, ಮೂಲೆಯಲ್ಲಿದ್ದ ಪುಟ್ಟ ಬಸ್ ಸ್ಟ್ಯಾಂಡಿನ ಮೇಲೆ ಕಾಲಿಟ್ಟಿದ್ದ. ಕೆಂಪು, ಬಿಳಿ ಪ್ಲಾಸ್ಟಿಕ್ ಇಟ್ಟಿಗೆಗಳು ನೆಲದ ತುಂಬ ಚೆಲ್ಲಾಡಿದವು.

"ತಪ್ಪಾತು ಟೀಚರ್... ಮಕ್ಕಳು ಆಡಿ ಬಿಟ್ಟಿರೋದು ಅನ್ಕೊಂಡೆ."

"ಮಕ್ಕಳದ್ದಲ್ಲ, ನಂದು!"

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಇಷ್ಟು ದೊಡ್ಡ ಹೆಂಗಸು ಆಟಿಕೆ ನಂದು ಅನ್ನುವುದೇ?

ಅವನು ನಗಲಿಲ್ಲ. ಕ್ಯಾಮೆರಾ ಬದಿಗಿಟ್ಟು ನೆಲಕ್ಕೆ ಕೂತ. ಬೆಂಕಿಕಡ್ಡಿಗೆ ಬಟ್ಟೆ ಸುತ್ತಿ ಮಾಡಿದ್ದ ಒಬ್ಬ ಮುದುಕಿ ಉರುಳಿಬಿದ್ದಿದ್ದಳು. ಅವಳ ಕಂಕುಳಲ್ಲಿ ಕಾಳಿನಷ್ಟೇ ದೊಡ್ಡ ಗಂಟು. ಅವನು ಅವಳನ್ನು ಎರಡೇ ಬೆರಳಲ್ಲಿ ಎತ್ತಿ ನಿಲ್ಲಿಸಿದ.

"ಈ ಅಜ್ಜಿ ಬಸ್ಸು ತಪ್ಪಿಸ್ಕೊಂಡಂಗೆ ಐತೆ ಅಲ್ಲೇನ್ರೀ?"

ಕರಿಬಸಮ್ಮನ ಎದೆಯೊಳಗೆ ಏನೋ ಸಡಿಲವಾಯಿತು. ಅವಳು ಮಾಡಿದ್ದು ಅದನ್ನೇ... ಬಸ್ಸು ತಪ್ಪಿಸಿಕೊಂಡ ಅಜ್ಜಿಯನ್ನೇ!

ಅದು ಎಪ್ಪತ್ತೊಂಬತ್ತನೇ ಇಸವಿ. ಕರಿಬಸಮ್ಮ ಜಗಳೂರು ತಾಲೂಕಿನ ಬಿಳಿಚೋಡಿನವಳು. ಅಪ್ಪ ತಿಪ್ಪೇಶಪ್ಪ ಕೂಲಿ ಮಾಡಿ ಓದಿಸಿದ್ದ. ಅವರ ಕೇರಿಯಿಂದ ಟೀಚರ್ ಆದ ಮೊದಲ ಹುಡುಗಿ ಅವಳು. ಚನ್ನಗಿರಿಯಲ್ಲಿ ಒಂದು ಬಾಡಿಗೆ ಕೋಣೆ, ಒಂದು ಬಾಲವಾಡಿ, ಯಾರೋ ದಾನ ಕೊಟ್ಟ ಒಂದು ಡಬ್ಬಿ ಪ್ಲಾಸ್ಟಿಕ್ ಇಟ್ಟಿಗೆ. ಮಕ್ಕಳು ಮನೆಗೆ ಹೋದ ಮೇಲೆ ಆ ಡಬ್ಬಿ ಅವಳದಾಗುತ್ತಿತ್ತು.

ಅವನು ಹಾಲಸ್ವಾಮಿ. ಪೇಟೆಬೀದಿಯಲ್ಲಿ ಸ್ಟುಡಿಯೋ ಇಟ್ಟಿದ್ದ. ಅಣ್ಣ ಮಹೇಶ್ವರಪ್ಪ ಊರಿಗೆಲ್ಲ ಗೊತ್ತಿರುವ ಅಡಿಕೆ ವ್ಯಾಪಾರಿ.

ಮರುದಿನವೇ ಹಾಲಸ್ವಾಮಿ ಮತ್ತೆ ಬಂದ. ಹೊಟ್ಟೆಯ ಮೇಲೆ ನೆಲಕ್ಕೆ ಮಲಗಿ, ಕಿಟಕಿಯ ಬೆಳಕಿಗೆ ಅವಳ ಕೈಯಲ್ಲಿ ಬಿಳಿ ಪಂಚೆ ಹಿಡಿಸಿ, ಮತ್ತೆ ಕಟ್ಟಿದ ಬಸ್ ಸ್ಟ್ಯಾಂಡಿನ ಫೋಟೊ ತೆಗೆದ. ತೊಳೆದು ತಂದ ಫೋಟೊವನ್ನು ಕರಿಬಸಮ್ಮ ಕಣ್ಣ ಹತ್ತಿರ ಹಿಡಿದು ನೋಡಿದಳು. ಇಟ್ಟಿಗೆ ಇಟ್ಟಿಗೆಯಾಗಿರಲಿಲ್ಲ. ಅಜ್ಜಿಗೆ ಜೀವ ಬಂದಿತ್ತು!

ಆಮೇಲಿನ ಭಾನುವಾರಗಳೆಲ್ಲ ಹಾಗೆಯೇ ಕಳೆದವು. ಅವಳು ಕಟ್ಟುವಳು, ಅವನು ತೆಗೆಯುವನು. ಸಂತೆಯಲ್ಲಿ ಬಳೆ ತೊಡಿಸಿಕೊಳ್ಳುವ ಹುಡುಗಿ, ಹೊನ್ನಾಳಿ ಸೇತುವೆಯ ಮೇಲೆ ಕೆಟ್ಟು ನಿಂತ ಲಾರಿ... ಇಬ್ಬರೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿಂದರು. ಪ್ರೀತಿ ಎಂಬ ಮಾತನ್ನು ಇಬ್ಬರೂ ಆಡಲಿಲ್ಲ. ಆಡುವ ಅಗತ್ಯವಿದೆ ಎಂದು ಅವಳಿಗೆ ಅನ್ನಿಸಲೂ ಇಲ್ಲ.

ಒಂದು ಭಾನುವಾರ ಅವಳು ಬಾವಿ ಕಟ್ಟಿದಳು. ಸುತ್ತ ಬಿಂದಿಗೆ ಹಿಡಿದ ಹೆಂಗಸರು, ಹಗ್ಗ, ರಾಟೆ. ಅವರೆಲ್ಲರಿಂದ ದೂರದಲ್ಲಿ ಒಬ್ಬಳೇ ಒಬ್ಬಳು ಖಾಲಿ ಕೊಡ ಕೆಳಗಿಟ್ಟು ನಿಂತಿದ್ದಳು.

ಸ್ಟುಡಿಯೋದ ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ, ನೀರಿನೊಳಗಿನ ಕಾಗದದ ಮೇಲೆ ಆ ಹೆಂಗಸು ಮೆಲ್ಲಗೆ ಮೂಡಿ ಬಂದಾಗ ಕರಿಬಸಮ್ಮನಿಗೆ ಅಳು ತಡೆಯಲಾಗಲಿಲ್ಲ.

"ಯಾಕೆ ಬಸಮ್ಮ? ಯಾರಿವ್ರು?"

"ನಮ್ಮವ್ವ... ಮೂಕಮ್ಮ ಅಂತ. ತೀರ್ಕೊಂಡು ಬಾಳ ವರ್ಷ ಆತು. ನಾವು ಬಾವಿ ಮುಟ್ಟಂಗಿರ್ಲಿಲ್ಲ. ಯಾರಾದ್ರೂ ಮನಸ್ಸು ಮಾಡಿ ನೀರು ಹಾಕೋವರೆಗೂ ಅವ್ವ ಹಿಂಗೇ ನಿಂತಿರೋಳು. ಬಿಸಿಲಾಗೆ."

ಹಾಲಸ್ವಾಮಿ ಅವಳ ಒದ್ದೆ ಕೈ ಹಿಡಿದುಕೊಂಡ. ಬಹಳ ಹೊತ್ತು ಬಿಡಲಿಲ್ಲ.

ಇವರಿಗೆ ಎಲ್ಲ ಗೊತ್ತಾಯಿತು... ಆದರೂ ಕೈ ಬಿಡಲಿಲ್ಲ! ಆ ಸಂಜೆ ಕೋಣೆಗೆ ನಡೆದು ಹೋಗುವಾಗ ಅವಳಿಗೆ ಕಾಲು ನೆಲಕ್ಕೆ ತಾಗಿದ ನೆನಪಿಲ್ಲ.

ಅದೇ ಫೋಟೊ ಹೊನ್ನಾಳಿಯ ಛತ್ರದಲ್ಲಿ ನಡೆದ ಛಾಯಾಚಿತ್ರ ಪ್ರದರ್ಶನಕ್ಕೆ ಹೋಯಿತು. ಮೊದಲ ಬಹುಮಾನ ಬಂತು! ಕರಿಬಸಮ್ಮ ಅಪ್ಪನನ್ನು ಬಿಳಿಚೋಡಿನಿಂದ ಕರೆಸಿಕೊಂಡಳು. ತಿಪ್ಪೇಶಪ್ಪ ಒಗೆದ ಅಂಗಿ ತೊಟ್ಟು, ಹೊಸ ರುಮಾಲು ಸುತ್ತಿ, ಮಗಳ ಜೊತೆ ಬಸ್ಸು ಹತ್ತಿದ.

ಛತ್ರದ ಗೋಡೆಯ ಮೇಲೆ ಮೂಕಮ್ಮ ಇದ್ದಳು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: "ಗ್ರಾಮೀಣ ಸೊಬಗು. ಕಲ್ಪನೆ, ರಚನೆ ಮತ್ತು ಛಾಯಾಗ್ರಹಣ: ಹಾಲಸ್ವಾಮಿ."

ಕರಿಬಸಮ್ಮ ಮತ್ತೊಮ್ಮೆ ಓದಿದಳು. ಸೊಬಗು...? ಅವ್ವ ಬಿಸಿಲಲ್ಲಿ ನಿಂತದ್ದು ಸೊಬಗೇ?

"ನಿಮ್ಮವ್ವ ನಿಂತಂಗೇ ಐತೆ ಮಗಾ," ಎಂದ ತಿಪ್ಪೇಶಪ್ಪ. "ನಿನ್ನ ಹೆಸರು ಎಲ್ಲೈತೆ?"

ಅಷ್ಟರಲ್ಲಿ ಹಾಲಸ್ವಾಮಿ ಕಾಣಿಸಿದ. ಕೊರಳಲ್ಲಿ ಹಾರ. ಪಕ್ಕದಲ್ಲಿ ಅಣ್ಣ ಮಹೇಶ್ವರಪ್ಪ, ಊರಿನ ನಾಲ್ಕು ಮಂದಿ ದೊಡ್ಡವರು.

"ಎಲ್ಲಾ ನಮ್ಮ ತಮ್ಮನೇ ಕೈಯಾರೆ ಮಾಡಿದ್ದು ಕಣ್ರೀ," ಎನ್ನುತ್ತಿದ್ದ ಮಹೇಶ್ವರಪ್ಪನ ಕಣ್ಣು ಇವರ ಮೇಲೆ ಬಿತ್ತು. ತಿಪ್ಪೇಶಪ್ಪನನ್ನು ರುಮಾಲಿನಿಂದ ಬರಿಗಾಲಿನವರೆಗೆ ಅಳೆದು ನೋಡಿದ. "ಯಾರೋ ಇವ್ರು? ನಿನ್ನನ್ನೇ ನೋಡ್ತಾ ನಿಂತವ್ರೆ?"

ಹಾಲಸ್ವಾಮಿಯ ಮುಖ ಬಿಳಿಚಿಕೊಂಡಿತು.

ಹೇಳಿ... ಹೇಳ್ರೀ... ಕರಿಬಸಮ್ಮ ಅವನ ಬಾಯನ್ನೇ ನೋಡುತ್ತಿದ್ದಳು.

"ಬಾಲವಾಡಿ ಆಯಾ, ಅಣ್ಣ. ಇಟ್ಟಿಗೆ ಡಬ್ಬಿ... ಇವರ ಹತ್ರ ಇಸ್ಕೊಂಡಿದ್ದೆ."

ಆಯಾ!

ಕರಿಬಸಮ್ಮ ಏನನ್ನಾದರೂ ಹೇಳುವ ಮೊದಲೇ ತಿಪ್ಪೇಶಪ್ಪ ಎರಡೂ ಕೈ ಜೋಡಿಸಿದ.

"ಫೋಟೊ ಬಾಳ ಚೆಂದ ಬಂದೈತ್ರೀ ಸ್ವಾಮಿ," ಎಂದ. "ಬಾ ಮಗಾ, ಬಸ್ಸು ಹೊರಡ್ತೈತೆ."

ಎರಡು ದಿನ ಬಿಟ್ಟು ಹಾಲಸ್ವಾಮಿ ಅವಳ ಕೋಣೆಗೆ ಬಂದ. ಅವಳು ಬಾಗಿಲು ಅರ್ಧ ತೆರೆದಳು.

"ಕಳ್ಳ!" ಎಂದಳು. "ಒಂದು ಬಹುಮಾನಕ್ಕೋಸ್ಕರ ನಮ್ಮವ್ವನ್ನ ಕದ್ರಿ!"

ಅವನು ಬಾಯಿ ತೆರೆದ. ಏನೋ ಹೇಳಲು ಬಂದವನು ಹೇಳದೆ ತಲೆ ತಗ್ಗಿಸಿದ. ನಿಜ ಏನೆಂಬುದು ಅವನಿಗೆ ಗೊತ್ತಿತ್ತು. ಆ ನಿಜಕ್ಕಿಂತ ಕಳ್ಳ ಎನ್ನಿಸಿಕೊಳ್ಳುವುದೇ ಅವನಿಗೆ ಹಗುರ ಕಂಡಿತು.

ಬಾಗಿಲು ಮುಚ್ಚಿತು.

ಕರಿಬಸಮ್ಮ ಬಿಳಿಚೋಡಿನ ಬಾಲವಾಡಿಗೇ ವರ್ಗ ಮಾಡಿಸಿಕೊಂಡು ಹೋದಳು. ಮತ್ತೆ ಒಂದು ಇಟ್ಟಿಗೆಯನ್ನೂ ಮುಟ್ಟಲಿಲ್ಲ. ಬಂದ ಗಂಡುಗಳನ್ನೆಲ್ಲ ಬೇಡ ಎಂದಳು. ಬಂಧುಗಳು ಬೈದರು, ಆಮೇಲೆ ಬೈಯುವುದನ್ನೂ ಬಿಟ್ಟರು. ಕಳ್ಳನನ್ನು ದ್ವೇಷಿಸುವುದು ಅವಳ ದಿನದ ಕೆಲಸಗಳಲ್ಲಿ ಒಂದಾಯಿತು. ಆದರೂ ಫೋಟೊ ತೊಳೆಯುವ ಆ ಹುಳಿ ವಾಸನೆ ಎಲ್ಲಿಂದಲೋ ನೆನಪಾದಾಗ ಕೈ ಬೆಚ್ಚಗಾಗುತ್ತಿತ್ತು. ಅದಕ್ಕಾಗಿ ಅವಳು ತನ್ನನ್ನೂ ದ್ವೇಷಿಸಿದಳು.

ಎಂಬತ್ತಾರರ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ, ಅವಳು ಬಾಲವಾಡಿ ಮುಗಿಸಿ ಮನೆಗೆ ಬಂದಾಗ ಅಂಗಳದಲ್ಲಿ ಅಪ್ಪ ಹುಣಸೆಹಣ್ಣು ಬಿಡಿಸುತ್ತಿದ್ದ. ಅಪ್ಪನ ಎದುರು, ನೆಲದ ಮೇಲೆ, ಹಾಲಸ್ವಾಮಿ ಕೂತಿದ್ದ. ಕೂದಲು ಅಲ್ಲಲ್ಲಿ ನರೆತಿತ್ತು.

ಅವಳು ಬೇಲಿಯ ಬಳಿಯೇ ನಿಂತುಬಿಟ್ಟಳು.

"ಕದಿಯಾಕೆ ಮಾಡಿದ್ದಲ್ಲ ಯಜಮಾನ್ರೇ," ಎನ್ನುತ್ತಿದ್ದ ಅವನು. "ಅವಳ ಹೆಸರು ಬರೆದ್ರೆ, ಯಾರು, ಎಲ್ಲಿಯವಳು, ಯಾವ ಜನ ಅಂತ ನಮ್ಮಣ್ಣ ಕೇಳ್ತಾನೆ. ಅದಕ್ಕೆ ಹೆದರಿದೆ. ನಿಮ್ಮ ಕೇರಿಯವಳು ಅಂತ ಹೇಳಾಕೆ... ನಾಚಿದೆ."

ತಿಪ್ಪೇಶಪ್ಪ ಹುಣಸೆಬೀಜವೊಂದನ್ನು ಬದಿಗೆ ಹಾಕಿದ.

"ನಂಗೆ ಅವತ್ತೇ ಗೊತ್ತಾತು ಸ್ವಾಮಿ. ಅದು ನಮಗೆ ಗೊತ್ತಾಗ್ದೆ ಇನ್ನ್ಯಾರಿಗೆ ಗೊತ್ತಾಗ್ತೈತೆ?"

"ಅಪ್ಪಾ!"

ಇಬ್ಬರೂ ತಿರುಗಿದರು. ಕರಿಬಸಮ್ಮ ಬೇಲಿ ದಾಟಿ ಬಂದಿದ್ದಳು.

"ಗೊತ್ತಿತ್ತಾ ನಿಂಗೆ? ಇಷ್ಟು ವರ್ಷ ನಾನು ಕಳ್ಳ ಕಳ್ಳ ಅಂತ ಬೈತಿದ್ರೆ ಸುಮ್ನಿದ್ಯಲ್ಲ!"

"ಕಳ್ಳನ್ನ ಬೈದು ಮರೀಬೋದು ಮಗಾ," ಎಂದ ಮುದುಕ. "ನಮ್ಮನ್ನ ಕಂಡು ನಾಚ್ಕೊಂಡೋನ್ನ ಮರಿಯಾಕೆ ಆಗಲ್ಲ. ನಾನೊಬ್ನೇ ಅದನ್ನ ಹೊತ್ಕೊಂಡಿದ್ದೆ, ಸಾಕಿತ್ತು."

ಅವನು ಬುಟ್ಟಿ ಎತ್ತಿಕೊಂಡು ಒಳಗೆ ಹೋದ.

ಕರಿಬಸಮ್ಮ ಹೊಸ್ತಿಲ ಮೇಲೆ ಕೂತಳು.

"ಯಾಕೆ ಬಂದ್ರಿ?"

"ನಂಗೆ ಹೆಣ್ಣು ಗೊತ್ತು ಮಾಡಿದ್ರು. ಅವತ್ತು ನಿನ್ನ ಹೆಸರು ಹೇಳಿದೆ. ಅಣ್ಣ ಹೊರಗೆ ಹಾಕ್ದ. ನ್ಯಾಮತಿಯಾಗೆ ಸಣ್ಣ ಸ್ಟುಡಿಯೋ ಇಟ್ಕೊಂಡು ಮೂರು ವರ್ಷ ಆತು. ಬರಾಕೆ ಮುಖ ಇರ್ಲಿಲ್ಲ ಬಸಮ್ಮ. ನಿಮ್ಮೂರಿನ ಓಬಣ್ಣ ಫೋಟೊಗೆ ಬಂದಿದ್ದ. ನೀನು ಇನ್ನೂ ಒಬ್ಬಳೇ ಅಂದ..."

"ಅದಕ್ಕೆ ಕರುಣೆ ಬಂತಾ?"

"ಪ್ರೀತಿ... ಅವತ್ತೂ ಇತ್ತು, ಇವತ್ತೂ ಐತೆ. ಧೈರ್ಯ ಇರ್ಲಿಲ್ಲ."

ಆ ಮಾತಿಗಾಗಿ ಅವಳು ಎಷ್ಟೋ ರಾತ್ರಿ ಕಾದಿದ್ದಳು. ಈಗ ಬಂದಾಗ ಅದು ಬಾಯಿಗೆ ಕಹಿಯಾಗಿತ್ತು.

"ಧೈರ್ಯ ಇಲ್ಲದ ಪ್ರೀತಿ ನಮ್ಮಪ್ಪನ ಕೈಲಿ ಕೈ ಮುಗಿಸ್ತು ಕಣ್ರೀ. ಕದ್ದಿದ್ರೇ ಚೆನ್ನಾಗಿತ್ತು. ಕದ್ದಿದ್ರೆ ಕ್ಷಮಿಸ್ತಿದ್ದೆ."

ಅವನ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ. ಎದ್ದು ಹೋಗಲೂ ಇಲ್ಲ.

ಬಿಸಿಲು ಅಂಗಳದಲ್ಲಿ ಅರ್ಧ ಸರಿಯಿತು. ಒಳಗೆ ಅಪ್ಪ ಕೆಮ್ಮಿದ.

"ನಂಗೆ ಸಿಟ್ಟು ಹೋಗಿಲ್ಲ," ಎಂದಳು ಕೊನೆಗೆ. "ಹೋಗೋದೂ ಇಲ್ಲ ಅನ್ನಿಸ್ತೈತೆ."

"ಸಿಟ್ಟು ಇಟ್ಕೊಂಡೇ ನನ್ನ ಜೊತೆ ಬಾ ಬಸಮ್ಮ."

"ದಿನಾ ಬೈತೀನಿ."

"ಬೈ."

"ಒಂದೊಂದಿನ ಮಾತೇ ಆಡಲ್ಲ..."

"ಪಕ್ಕದಾಗೆ ಕೂತಿರ್ತೀನಿ."

ಅವಳು ಮುಖ ಮುಚ್ಚಿಕೊಂಡು ಅತ್ತಳು. ಏಳು ವರ್ಷದ ಅಳು... ಮುಗಿಯುವವರೆಗೂ ಅವನು ಬಿಸಿಲಲ್ಲೇ ಕೂತಿದ್ದ.

ಆಮೇಲೆ ಅವಳು ಹೊಸ್ತಿಲಿನಲ್ಲಿ ಸ್ವಲ್ಪ ಸರಿದಳು. ಒಬ್ಬರು ಕೂರುವಷ್ಟು.

"ನೆರಳಿಗೆ ಬರ್ರಿ," ಎಂದಳು. "ತಲೆ ಸುಡ್ತೈತೆ ನಿಮ್ಮದು."